ಅಡಿಯಲ್ಲೊಂದು ಚುಕ್ಕಿ

ದುರ್ಗಿಗುಡಿಯ ಅಡ್ಡರಸ್ತೆ, ಮಹಡಿ ಮೆಟ್ಟಿಲ ಕೆಳಗೆ ಆರಡಿ ಜಾಗ.
ಒಂದು ಕಂಪ್ಯೂಟರು, ಒಂದು ಜೆರಾಕ್ಸು, ನಾನು.
ಲಗ್ನಪತ್ರಿಕೆ, ತಿಥಿ ಕಾರ್ಡು, ಬಾಡಿಗೆ ಕರಾರು,
ಊರಿನ ಹುಟ್ಟುಸಾವೆಲ್ಲ ಹದಿನಾಲ್ಕು ಪಾಯಿಂಟಿನಲ್ಲಿ.

ಅವಳು ಬಂದದ್ದು ಮಾರ್ಚಿನ ಒಂದು ಮಧ್ಯಾಹ್ನ,
ಶಂಕರಘಟ್ಟದ ಬಸ್ಸಿಳಿದು, ಕೈಯಲ್ಲಿ ಅರ್ಧ ತಿಂದ ಸೌತೆಕಾಯಿ,
ಬಗಲಲ್ಲಿ ಪಿಎಚ್‌ಡಿಯ ಕಟ್ಟು.
ಹೆಸರು ಕೇಳಿದೆ, ಬಿಲ್ಲಿಗೆ.
ಹೇಳಿದಳು. ಗಂಟಲೊಳಗೆ ಬೀಸುವ ಕಲ್ಲು
ಅರ್ಧ ಸುತ್ತು ತಿರುಗಿದ ಸದ್ದು.
'ಕೆಜಾಲ್' ಎಂದು ಬರೆದುಕೊಂಡೆ.
ನಕ್ಕು ನನ್ನ ಪೆನ್ನು ಕಸಿದಳು:
"ನಿನ್ನ ನಾಲಗೆಗೆ ಸೋಮಾರಿತನ, ಬಿಟ್ಟೆ.
ನನ್ನ ಊರಲ್ಲಿ ಬಿಡಿಸಿದ್ದು ಕಾನೂನು."

ಕ್ಯೂ, ಡಬ್ಲ್ಯೂ, ಎಕ್ಸ್.
ಇಷ್ಟೇ ಮೂರು. ಅರ್ಜಿಯಲ್ಲಿ ಕಂಡರೆ
ಗುಮಾಸ್ತ ಕಿಟಕಿಯಾಚೆ ತಳ್ಳುತ್ತಿದ್ದನಂತೆ.
ಅವಳ ಹೆಸರಿನ ಮೊದಲಕ್ಷರವೇ ಎಕ್ಸ್.
ತಲೆ ತೆಗೆದು ಬೇರೆ ತಲೆ ಇಟ್ಟು ನೋಂದಾಯಿಸಿದರು;
ಮನೆಯಲ್ಲಿ ಒಬ್ಬಳು, ಹಾಜರಿ ಪುಸ್ತಕದಲ್ಲಿ ಇನ್ನೊಬ್ಬಳು.

ಉಳಿದದ್ದು ಕರೆಂಟು ಹೋದಾಗಲೆಲ್ಲ ತುಣುಕು ತುಣುಕಾಗಿ ಬಂತು.
ಟೈಲರ್ ಅಂಗಡಿಯ ಹಿಂದಿನ ಕೋಣೆ, ಆರು ಮಕ್ಕಳು,
ಬೋರ್ಡಿನ ಮುಂಬದಿಯಲ್ಲಿ ಅವರಮ್ಮಂದಿರ ಮಾತು,
ಹಿಂಬದಿಯಲ್ಲಿ ಸದಾ ಏಳರ ಮಗ್ಗಿ.
ಮೆಟ್ಟಿಲ ಮೇಲೆ ಬೂಟು ಸಪ್ಪಳವಾದರೆ ಬೋರ್ಡು ತಿರುಗುತ್ತಿತ್ತು.
ಒಂದು ದಿನ ತಿರುಗಲಿಲ್ಲ, ಕೀಲು ತುಕ್ಕು ಹಿಡಿದಿತ್ತು.
ನ್ಯಾಯಾಲಯದಲ್ಲಿ ಸಾಕ್ಷಿ: ಒಂದು ಕಾಪಿ ಪುಸ್ತಕ,
ಒಂದೇ ಪದ ನಲವತ್ತು ಸಲ. ಬೆರ್ಫ್.
"ಅಂದರೆ?"
"ಹಿಮ."
ಹದಿನಾಲ್ಕು ತಿಂಗಳು.

ಮೇಣದ ಬತ್ತಿಯ ಆಚೆಯಿಂದ ಒಮ್ಮೆ ಕೇಳಿದಳು,
"ಹೇಮ್ಲಾ, ನಿನ್ನ ತಾಯಿಯನ್ನು ನೀನು ಏನೆಂದು ಕರೆಯುತ್ತಿದ್ದೆ?"
ಯಾಡಿ, ಅಂದೆ. ಮೂವತ್ತು ವರ್ಷವಾಗಿತ್ತು
ಅಂಗಡಿಯೊಳಗೆ ಆ ಪದ ಬಂದು.
(ಅಂಗಡಿಗೆ ಹನ್ನೊಂದೇ ವರ್ಷ. ಆದರೂ.)
ನಮ್ಮಲ್ಲಿ ದಾಯೆ, ಅಂದಳು,
ತಿರುವಿ ಹಾಕಿದ ಅಂಗಿ ನೋಡು, ಅದೇ ಬಟ್ಟೆ.
ನಿನಗೆ ಶಾಲೆಯಲ್ಲಿ ಹೊಡೆದರೆ?
ಇಲ್ಲ. ತಾಂಡಾದಿಂದ ಬಂದ ಮೊದಲ ದಿನ
ರೊಟ್ಟಿಗೆ ಬಾಟಿ ಅಂದೆ, ಮೇಷ್ಟ್ರು ನಕ್ಕರು,
ಕ್ಲಾಸೂ ನಕ್ಕಿತು. ಅಷ್ಟೇ.
ಅವಳು ನಗಲಿಲ್ಲ. "ಅಷ್ಟು ಸಾಕು" ಅಂದಳು.
ನನ್ನ ಮಗಳಿಗೆ ಆ ಪದ ಗೊತ್ತೇ ಎಂದು
ಪುಣ್ಯಕ್ಕೆ ಕೇಳಲಿಲ್ಲ.

ಅವಳ ಪದಗಳನ್ನು ಕನ್ನಡದಲ್ಲಿ ಕೂರಿಸುವುದು ನನ್ನ ಕೆಲಸ.
ನುಡಿ ತಂತ್ರಾಂಶದಲ್ಲಿ ಆ ಚುಕ್ಕಿ ಹುಡುಕಲು ಎರಡು ದಿನ ಹಿಡಿಯಿತು.
ಖ ಕೆಳಗೊಂದು, ಜ ಕೆಳಗೊಂದು.
ಖ಼ೆಜ಼ಾಲ್.
ಪರದೆಯನ್ನು ಎಷ್ಟು ಹೊತ್ತು ನೋಡಿದಳೋ.
ಹೊರಗಿನ ಸದ್ದು ಬಂದರೆ ನಮ್ಮ ಅಕ್ಷರ
ಹೀಗೆ ಕೂರಲು ಒಂದು ಮಣೆ ಕೊಡುತ್ತೆ, ಅಂದೆ, ಜಂಬದಿಂದ.
ಹೇಳುತ್ತಲೇ ನನ್ನ ಬಾಟಿ ನೆನಪಾಗಿ
ಜೆರಾಕ್ಸಿನ ಮುಚ್ಚಳ ತೆಗೆದು ಸುಮ್ಮನೆ ಒರೆಸಿದೆ.

ಕಟ್ಟು ಮುಗಿಯಿತು. ಅವಳು ಹೋದಳು.
ಮೊದಲ ವರ್ಷ ಫೋಟೋ ಬಂತು: ಬಾಗಿಲ ಮೇಲೆ ಬೋರ್ಡು,
ಬೋರ್ಡಿನಲ್ಲಿ ಆ ಮೂರೂ ಅಕ್ಷರ, ಯಾರ ಅಪ್ಪಣೆಯೂ ಇಲ್ಲದೆ.
ಮರುವರ್ಷ ಅದೇ ಬಾಗಿಲು, ಬೋರ್ಡಿಲ್ಲ.
"ಮೊಳೆ ಬಿಟ್ಟು ಹೋಗಿದ್ದಾರೆ, ಮೂರ್ಖರು" ಎಂದು ಕೆಳಗೆ ಬರೆದಿದ್ದಳು.
ಆಮೇಲೆ ಏನೂ ಇಲ್ಲ.
ನಂಬರಿನ ಮೇಲೆ ಈಗ ಮುಖವೂ ಇಲ್ಲ.

ಅವಳ ಕೆಲಸಕ್ಕೆಂದು ಯಂತ್ರಕ್ಕೊಂದು ಪಾಠ ಹೇಳಿದ್ದೆ:
ಖ ಬಂದಲ್ಲೆಲ್ಲ ಅಡಿಯಲ್ಲಿ ಚುಕ್ಕಿ ಇಡು.
ತೆಗೆಯಲು ಮರೆತೆ. ಮರೆತೆ ಅಂತಲೇ ಹೇಳುತ್ತೇನೆ.

ನಿನ್ನೆ ಸಾಗರ ರಸ್ತೆಯ ಬೇಕರಿಯವರು
ಮಗಳ ಲಗ್ನಪತ್ರಿಕೆ ಹಿಡಿದು ಬಂದರು, ಕನ್ನಡಕ ಏರಿಸಿ:
"ಏನ್ರೀ ಹೇಮ್ಲಾ ನಾಯ್ಕರೇ,
ಇಲ್ಲೊಂದು ನೊಣ ಕೂತಿದೆಯಲ್ಲ?"
ಕೊನೆಯ ಸಾಲು. ತಮ್ಮ ಸುಖ಼ಾಗಮನ ಬಯಸುವ.

ನೊಣ ಅಲ್ಲ ಸ್ವಾಮಿ, ಅಂದೆ.
ಇರಲಿ ಬಿಡಿ.
ಯಾರೋ ದೂರದವರು ಬರುವುದಿದೆ.